ಮೆಟ್ಟಿಲಿಗೆ ಬಾಡಿಗೆ ಬರುವುದಿಲ್ಲ

ನನ್ನ ಷಡ್ಡಕರ ಪ್ಯಾಂಟಿನ ಎರಡೂ ಮೊಣಕಾಲಿನ ಮೇಲೆ ಯಾವಾಗಲೂ ಅಂಗೈಯಗಲದ ಸುಣ್ಣದ ಕಲೆ ಇರುತ್ತಿತ್ತು. ಮದುವೆಗೆ ಬಂದರೂ ಅಷ್ಟೇ, ತೊಟ್ಟಿಲಿಗೆ ಬಂದರೂ ಅಷ್ಟೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆಗೆ ಕುಂಕುಮದ ಸಣ್ಣ ಬೊಟ್ಟು, ಕೆಳಗೆ ನೋಡಿದರೆ ಮಂಡಿಯ ಮೇಲೆ ಆ ಎರಡು ಬಿಳಿ ಕಲೆ. ಯಾವುದೋ ಮನೆಯ ಬಚ್ಚಲಿನ ಮೂಲೆಯಲ್ಲಿ ಮಂಡಿಯೂರಿ ಕುಳಿತು, ಗೋಡೆ ಹಸಿಯಾಗಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿ, ನೀರು ಹೋಗುವ ಜಾಲರಿಗೆ ಮೂಗು ಹಿಡಿದು ಮೂಸಿ, ಅಲ್ಲಿಂದ ನೇರವಾಗಿ ಬಂದಿರುತ್ತಿದ್ದರು. ಕೊಳ್ಳುವ ಮನೆಯೇ ಆಗಬೇಕೆಂದಿಲ್ಲ. ಯಾರಾದರೂ ಊಟಕ್ಕೆ ಕರೆದರೂ ಕೈ ತೊಳೆಯಲು ಹೋದವರು ಹತ್ತು ನಿಮಿಷ ಈಚೆಗೆ ಬರುತ್ತಿರಲಿಲ್ಲ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ, ನನಗಿಂತ ಆರು ವರ್ಷ ದೊಡ್ಡವರು. ಬಾಯಲ್ಲಿ ಅವರನ್ನು 'ಅಣ್ಣಾರ' ಎಂದು ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೂವತ್ತು ವರ್ಷ ಏಕವಚನದಲ್ಲೇ ಮಾತಾಡಿಸಿದೆ. ಈಗ ಅವರಿಲ್ಲ, ನಿಜ ಹೇಳುವುದಕ್ಕೆ ಅಡ್ಡಿಯೂ ಇಲ್ಲ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಊಟ ರುಚಿಸದಷ್ಟು.

ಮೊದಮೊದಲು ಹೀಗಿರಲಿಲ್ಲ. ಬಿಜಾಪುರದ ಕಡೆಯಿಂದ ಇಬ್ಬರೂ ಹೈದರಾಬಾದಿಗೆ ಹೊಟ್ಟೆಪಾಡಿಗೆ ಬಂದವರೇ. ನಾನು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರ. ಕ್ವಾರ್ಟರ್ಸು, ಕ್ಯಾಂಟೀನು, ಆಸ್ಪತ್ರೆ, ಹೊತ್ತಿಗೆ ಸರಿಯಾಗಿ ಬರುವ ಕಂಪನಿ ಬಸ್ಸು, ಎಲ್ಲವೂ ಇತ್ತು. ಅವರು ಸನತ್‌ನಗರದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಸಂಬಳ ನನ್ನ ಅರ್ಧ. ಇರುವುದು ಬಾಡಿಗೆಯ ಎರಡು ಕೋಣೆಯ ಪೋರ್ಷನ್ನಿನಲ್ಲಿ. ಮಾವನವರು ಊರಿನಿಂದ ಬಂದರೆ ಇಳಿಯುವುದು ನಮ್ಮಲ್ಲೇ, ದೊಡ್ಡ ಮಗಳ ಮನೆಗೆ ಒಂದು ಹೊತ್ತಿನ ಊಟಕ್ಕಷ್ಟೇ. ಆ ದಿನಗಳಲ್ಲಿ ನಾನು ನನ್ನ ಷಡ್ಡಕರನ್ನು ಬಹಳ ಪ್ರೀತಿಯಿಂದ ಕಾಣುತ್ತಿದ್ದೆ.

ಅವರು ಮೊದಲ ಮನೆ ಕೊಂಡಾಗ ನಾನು ನಕ್ಕುಬಿಟ್ಟೆ. ಸನತ್‌ನಗರದಲ್ಲೇ, ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಎರಡನೆಯ ಮಹಡಿ. ಒಂದು ಹಾಲು, ಒಂದು ಕೋಣೆ, ತಿರುಗಿದರೆ ಮೊಣಕೈ ತಾಗುವ ಅಡುಗೆಮನೆ.

"ಇದ್ರಾಗ ನೀವು ಹೆಂಗ ಇರ್ತೀರಿ ಅಣ್ಣಾರ?" ಎಂದು ಕೇಳಿದೆ.

"ನಾ ಯಾಕ ಇರ್ಲಿ ಸಾಹೇಬ್ರ? ನಾ ಇದ್ರ ನನಗ ಬಾಡಿಗಿ ಯಾರು ಕೊಡ್ತಾರ? ಕೆಲಸಕ್ಕ ನಡ್ಕೊಂತ ಹೋಗಾವ್ರು ಇರ್ತಾರ."

ನನ್ನ ಸರ್ಕಾರಿ ನೌಕರಿಯ ಗೌರವಕ್ಕೆ ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಪ್ರತಿ ಸಲವೂ ಚುಚ್ಚಿದ ಹಾಗಾಗುತ್ತಿತ್ತು.

ಆ ಮನೆ ನಾಲ್ಕೇ ದಿನಕ್ಕೆ ಬಾಡಿಗೆಗೆ ಹೋಯಿತು. ಪಕ್ಕದ ಫ್ಯಾಕ್ಟರಿಯ ವೆಲ್ಡರೊಬ್ಬ ಹೆಂಡತಿ ಮಗು ಕಟ್ಟಿಕೊಂಡು ಬಂದು ಆರು ವರ್ಷ ಇದ್ದ. ಆ ಬಾಡಿಗೆಯನ್ನು ಮುಟ್ಟದೆ ಕೂಡಿಸಿ, ಅದೇ ಗಲ್ಲಿಯಲ್ಲಿ ಇನ್ನೊಂದು ಕೊಂಡರು. ಅವರು ಮಾತ್ರ ಬಾಡಿಗೆ ಮನೆಯಲ್ಲೇ ಉಳಿದರು. ಎರಡನೆಯದರ ಸುದ್ದಿ ಬಂದ ವರ್ಷ ಮಾವನವರು ಊರಿನಿಂದ ಬಂದವರು ನಮ್ಮ ಮನೆಯಲ್ಲಿ ಚಹಾ ಕುಡಿದು, ಚೀಲ ಎತ್ತಿಕೊಂಡು, "ದೊಡ್ಡಾಕಿ ಮನ್ಯಾಗ ನಾಕು ದಿನಾ ಇದ್ದು ಬರ್ತೀನಿ" ಎಂದು ಹೊರಟರು. ನಾಲ್ಕು ದಿನ ಹತ್ತು ದಿನವಾಯಿತು. ತಿರುಗಿ ಬಂದಾಗ ಅವರ ಬಾಯಲ್ಲಿ ದೊಡ್ಡಳಿಯನ ಹೆಸರು ಬಿಟ್ಟು ಬೇರೆ ಮಾತಿಲ್ಲ. ನಾನು ತಟ್ಟೆ ನೋಡುತ್ತ ಊಟ ಮಾಡಿದೆ.

ಮನೆಯ ವಿದ್ಯೆ ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಅವರ ಉತ್ತರ ಒಂದೇ. "ಹನ್ನೊಂದು ಮನಿ ಬದ್ಲಿ ಮಾಡೀನ್ರಿ. ಹನ್ನೊಂದು ಮಾಲಕ್ರು ಕಲಿಸ್ಯಾರ." ಒಬ್ಬ ಮಾಲೀಕ ನೀರಿನ ವಾಲ್ವಿಗೆ ಬೀಗ ಹಾಕುತ್ತಿದ್ದನಂತೆ. ಇನ್ನೊಬ್ಬ ಹೇಳದೆ ಕೇಳದೆ ಬಂದು ಅಡುಗೆಮನೆಯಲ್ಲಿ ಇಣುಕುತ್ತಿದ್ದನಂತೆ. ಮತ್ತೊಬ್ಬ ಗೋಡೆಯಲ್ಲಿ ಮೊಳೆಯ ತೂತು ತೋರಿಸಿ ಎರಡು ತಿಂಗಳ ಅಡ್ವಾನ್ಸು ನುಂಗಿದನಂತೆ. ಅದಕ್ಕೇ ಇವರು ಮನೆ ಕೊಡುವ ದಿನ ಬಾಡಿಗೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರತಿ ಗೋಡೆಯ, ಪ್ರತಿ ನಲ್ಲಿಯ ಫೋಟೋ ತೆಗೆದು, ಕರಾರುಪತ್ರದ ಜೊತೆ ಅವರಿಗೂ ಒಂದು ಪ್ರತಿ ಕೊಡುತ್ತಿದ್ದರು. ಅಡ್ವಾನ್ಸಿನ ದುಡ್ಡಿಗೆ ಬ್ಯಾಂಕಿನಲ್ಲಿ ಬೇರೆಯೇ ಖಾತೆ. "ಅದು ನಮ್ಮ ರೊಕ್ಕ ಅಲ್ರಿ. ಅವ್ರು ಹೊಂಟ ದಿನಾ ಕೈಯಾಗ ಕೊಡಬೇಕು" ಎನ್ನುತ್ತಿದ್ದರು.

ಇವನ್ನೆಲ್ಲ ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ. ಕ್ವಾರ್ಟರ್ಸಿನವನಿಗೆ ಬಾಡಿಗೆ ಮನೆಯ ಗೋಳು ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ನಲ್ಲಿ ಸೋರಿದರೆ ಎಸ್ಟೇಟ್ ಆಫೀಸಿನ ಕಂಪ್ಲೇಂಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಮುಗಿಯಿತು. ಮೂರನೆಯ ದಿನವೋ ಹದಿಮೂರನೆಯ ದಿನವೋ ಯಾರಾದರೂ ಪಾನಾ ಹಿಡಿದುಕೊಂಡು ಬರುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ಒಂದು ಬಲ್ಬನ್ನೂ ದುಡ್ಡು ಕೊಟ್ಟು ಬದಲಾಯಿಸಿದವನಲ್ಲ.

ನಿವೃತ್ತಿಗೆ ಏಳು ವರ್ಷ ಉಳಿದಾಗ ಭಯ ಶುರುವಾಯಿತು. ಕೇಂದ್ರದ ನೌಕರಿ ಎಂದರೆ ಕೈತುಂಬ ಪಿಂಚಣಿ ಎಂದು ಊರಿನವರು ತಿಳಿದಿರುತ್ತಾರೆ. ನಮ್ಮಂಥ ಕಾರ್ಖಾನೆಯವರಿಗೆ ಬರುವ ಪಿಂಚಣಿ ಹಾಲಿಗೂ ಮಾತ್ರೆಗೂ ಮುಗಿಯುತ್ತದೆ. ಕ್ವಾರ್ಟರ್ಸನ್ನೂ ಬಿಟ್ಟುಕೊಡಬೇಕು. ಬಾಡಿಗೆ ಬರುವ ಒಂದು ಮನೆ ಮಾಡಿಕೊಳ್ಳದಿದ್ದರೆ ನಾನೂ ನನ್ನ ಹೆಂಡತಿಯೂ ಮಗಳ ಮನೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಇದನ್ನು ಹೆಂಡತಿ ತನ್ನ ಅಕ್ಕನಿಗೆ ಹೇಳಿದಳು. ಮರುವಾರವೇ ಷಡ್ಡಕರು ಫೋನ್ ಮಾಡಿದರು.

"ಉಪ್ಪಲ್‌ದಾಗ ಒಂದು ಮನಿ ನೋಡೀನ್ರಿ ಸಾಹೇಬ್ರ. ನಿಮ್ಗ ಹೇಳಿ ಮಾಡಿಸಿದ್ಹಂಗ ಐತಿ. ಬರ್ರಿ."

ಮೆಟ್ರೋ ನಿಲ್ದಾಣದಿಂದ ನಡೆದರೆ ಎಂಟು ನಿಮಿಷ. ಹತ್ತು ಮನೆಗಳ ಸಣ್ಣ ಕಟ್ಟಡ, ಎರಡು ಬೆಡ್‌ರೂಮು. ಬಣ್ಣ ಮಾಸಿತ್ತು. ಒಂದು ಸಲ ನೋಡಿ ಮುಗಿಸೋಣ ಎಂದರೆ ಅವರು ಬಿಡಲಿಲ್ಲ. ಬೆಳಗಿನ ಆರಕ್ಕೆ ಒಮ್ಮೆ ಕರೆದುಕೊಂಡು ಹೋದರು, ಕಾರ್ಪೊರೇಷನ್ ನೀರು ಮಹಡಿಯವರೆಗೆ ಏರುತ್ತದೆಯೇ ನೋಡಲು. ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ, ಪಶ್ಚಿಮದ ಗೋಡೆ ಎಷ್ಟು ಕಾಯುತ್ತದೆ ಎಂದು. ಸಂಜೆ ಏಳಕ್ಕೆ ಮತ್ತೊಮ್ಮೆ, ಕೆಲಸದಿಂದ ಮರಳುವ ಹೆಂಗಸರು ಆ ಗಲ್ಲಿಯಲ್ಲಿ ಧೈರ್ಯವಾಗಿ ನಡೆಯುತ್ತಾರೆಯೇ ಎಂದು. ಗೇಟಿನ ಹತ್ತಿರ ಇಸ್ತ್ರಿ ಮಾಡುವ ಹೆಂಗಸಿನ ಜೊತೆ ತೆಲುಗಿನಲ್ಲಿ ಅರ್ಧ ಗಂಟೆ ಹರಟಿದರು. ಯಾವ ಮನೆಯವರು ಯಾಕೆ ಬಿಟ್ಟರು, ಬೋರ್‌ವೆಲ್ ಯಾವ ತಿಂಗಳು ಬತ್ತುತ್ತದೆ, ವಾಚ್‌ಮನ್ ಕುಡಿಯುತ್ತಾನೆಯೇ, ಎಲ್ಲ ಅವಳಿಗೆ ಗೊತ್ತಿತ್ತು.

"ಟು-ಲೆಟ್ ಬೋರ್ಡು ನೋಡ್ರಿ" ಎಂದರು ದಾರಿಯಲ್ಲಿ. "ಇಂದು ಮೂರು ಅದಾವ. ಹದಿನೈದು ದಿನಾ ಬಿಟ್ಟು ಬರೂಣು. ಅವ ಮೂರು ಅಲ್ಲೇ ಇದ್ರ ಈ ಓಣಿ ಬ್ಯಾಡ. ಬೋರ್ಡಿನ ಅಕ್ಷರ ಬಿಸಿಲಿಗೆ ಅಳಿಸಿದ್ದ್ರಂತೂ ಓಡಿಬರಬೇಕು." ಹದಿನೈದು ದಿನ ಬಿಟ್ಟು ಹೋದೆವು. ಮೂರರಲ್ಲಿ ಒಂದೂ ಇರಲಿಲ್ಲ.

ದುಡ್ಡಿನ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. "ವರ್ಷಕ್ಕ ಹತ್ತು ತಿಂಗಳದ್ದ ಬಾಡಿಗಿ ಬರ್ತೈತಿ ಅಂತ ತಿಳ್ಕೋರಿ. ಒಂದು ತಿಂಗಳು ಖಾಲಿ ಇರ್ತೈತಿ. ಇನ್ನೊಂದು ತಿಂಗಳದ್ದು ನಳ, ಬಣ್ಣ, ಮನಿಪಟ್ಟಿ ತಿಂತಾವ. ಬಾಡಿಗಿ ನಂಬಿ ಸಾಲ ಮಾಡಬ್ಯಾಡ್ರಿ. ಮನಿ ಆರು ತಿಂಗಳು ಖಾಲಿ ಬಿದ್ದ್ರೂ ಪಗಾರದಾಗ ಕಂತು ಕಟ್ಟೂ ಹಂಗಿರಬೇಕು, ಅಷ್ಟ ತಗೋರಿ." ಹಿಮಾಯತ್‌ನಗರದ ಒಬ್ಬ ವಕೀಲರಿಗೆ ಕಾಗದ ಪತ್ರ ಕೊಡಿಸಿ, ಹಿಂದಿನ ಮಾಲೀಕರ ಸರಪಳಿಯನ್ನೆಲ್ಲ ನೋಡಿಸಿದ್ದರು. ಮಾರುವವರು ತೋರಿಸಿದ ವಕೀಲ ಬೇಡ, ನಮ್ಮವನೇ ಬೇರೆ ಇರಬೇಕು ಎಂಬುದು ಅವರ ಹಟ.

ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದೇ ನನಗೆ ಮುಳುವಾಯಿತು. ಆ ಸಂಜೆ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಇಷ್ಟು ಒಳ್ಳೆಯ ಮನೆಯಾದರೆ ಈ ಮನುಷ್ಯ ತಾನೇ ಯಾಕೆ ಕೊಳ್ಳಲಿಲ್ಲ? ಬಚ್ಚಲಿನ ಜಾಲರಿ ಮೂಸುವವನು ನನಗೆ ಬಿಟ್ಟುಕೊಡುತ್ತಾನೆಯೇ? ಒಳಗೆ ಏನೋ ಹುಳುಕಿರಬೇಕು. ಹುಳುಕಿಲ್ಲದಿದ್ದರೂ, ನಾಳೆ ಮಾವನವರು ಬಂದಾಗ 'ಸಣ್ಣಳಿಯಗ ಮನಿ ಕೊಡಿಸಿದಾವ್ನೂ ದೊಡ್ಡಳಿಯನ' ಎನ್ನುತ್ತಾರೆ. ಮರುದಿನ ಫೋನ್ ಮಾಡಿ, "ಬ್ಯಾಡ್ರಿ ಅಣ್ಣಾರ, ಮನಸ್ಸಿಗೆ ಬರಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇನ ಬ್ಯಾಡೇನ್ರಿ?" ಎಂದು ಒಮ್ಮೆ ಕೇಳಿದರು. ಹೌದೆಂದೆ.

ಮೂರು ತಿಂಗಳಲ್ಲಿ ನಾನು ಕೊಂಡದ್ದು ಉಪ್ಪಲ್ ದಾಟಿ, ವರಂಗಲ್ ರಸ್ತೆಯಿಂದ ಒಳಗೆ, ಹೊಲಗಳ ನಡುವೆ ಎದ್ದ ಲೇಔಟಿನಲ್ಲಿ ಒಂದು ಡ್ಯೂಪ್ಲೆಕ್ಸ್ ಮನೆ. ಪೂರ್ವದ ಬಾಗಿಲು, ಮೂರು ಬೆಡ್‌ರೂಮು, ಕೆತ್ತನೆ ಬಾಗಿಲಿನ ದೇವರ ಮನೆ. ನಿಜ ಹೇಳಬೇಕೆಂದರೆ ಇದು ಯಾವುದನ್ನೂ ನಾನು ನೋಡಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕಂಡದ್ದು ಮೆಟ್ಟಿಲು. ಹಾಲಿನ ನಡುವಿನಿಂದ ಎದ್ದು, ಅರ್ಧಕ್ಕೆ ತಿರುಗಿ, ಮೇಲಕ್ಕೆ ಹೋಗುವ ಕರಿ ಗ್ರಾನೈಟಿನ ಮೆಟ್ಟಿಲು. ಗಾಜು ಕೂಡಿಸಿದ ಸ್ಟೀಲಿನ ಕಟಕಟೆ. ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ, ಬದುಕಿದ್ದು ಒಂದೇ ಅಂತಸ್ತಿನ ಕ್ವಾರ್ಟರ್ಸಿನಲ್ಲಿ. ಮನೆಯೊಳಗೇ ಮೆಟ್ಟಿಲಿರುವುದು ಶ್ರೀಮಂತರಿಗೆ ಮಾತ್ರ ಎಂದು ನನ್ನ ತಲೆಯಲ್ಲಿತ್ತು. ಏಜೆಂಟ್ ಏನೇನೋ ಹೇಳುತ್ತಿದ್ದ, ನಾನು ಮಾತ್ರ ಷಡ್ಡಕರು ಈ ಮೆಟ್ಟಿಲನ್ನು ನೋಡುವಾಗ ಅವರ ಮುಖ ಹೇಗಾಗಬಹುದೆಂದು ಕಲ್ಪಿಸಿಕೊಳ್ಳುತ್ತಿದ್ದೆ. ಅವರ ಎರಡೂ ಮನೆ ಸೇರಿಸಿದರೂ ನನ್ನ ಕೆಳಗಿನ ಅಂತಸ್ತಿಗೆ ಸಮವಾಗುತ್ತಿರಲಿಲ್ಲ. ಸಂಬಳದ ಅರ್ಧದಷ್ಟು ಕಂತಿಗೆ ಸಹಿ ಹಾಕಿದೆ.

ವಾಸ್ತುಶಾಂತಿಗೆ ಅವರು ಬಂದರು. ಊಟಕ್ಕೆ ಮುಂಚೆ ಇಡೀ ಮನೆ ಸುತ್ತಿದರು, ಮೇಲೂ ಕೆಳಗೂ ಬಚ್ಚಲಲ್ಲಿ ಮಂಡಿಯೂರಿದರು. ನಾನು ಮೆಟ್ಟಿಲ ಬುಡದಲ್ಲೇ ಕಾಯುತ್ತ ನಿಂತಿದ್ದೆ. ಇಳಿದು ಬಂದು ಕಟಕಟೆಯ ಮೇಲೆ ಕೈಯಾಡಿಸಿದರು.

"ಮನಿ ಭಾಳ ಛಂದ ಐತ್ರಿ ಸಾಹೇಬ್ರ."

ನನ್ನ ಎದೆ ಉಬ್ಬಿತು.

"ಯಾರು ಇರ್ತಾರ್ರಿ ಇಲ್ಲಿ?" ಎಂದು ಕೇಳಿದರು. ಚುಚ್ಚಲೆಂದು ಕೇಳಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದರು. ಊಟಕ್ಕೇಳಿ ಎಂದೆ.

ಮನೆ ಎಂಟು ತಿಂಗಳು ಖಾಲಿ ಬಿತ್ತು. ಅಷ್ಟು ದೊಡ್ಡ ಮನೆಗೆ ಅಷ್ಟು ದೂರ ಬರುವವರಿಲ್ಲ. ಅಷ್ಟು ದೂರ ಬರುವವರಿಗೆ ಅಷ್ಟು ದೊಡ್ಡ ಮನೆ ಬೇಕಿಲ್ಲ. ನಾನೇ ಬರೆದು ತೂಗುಹಾಕಿದ ಟು-ಲೆಟ್ ಬೋರ್ಡಿನ ಕೆಂಪು ಅಕ್ಷರ ಬಿಸಿಲಿಗೆ ಗುಲಾಬಿಯಾಯಿತು. ಕೊನೆಗೆ ಬ್ಯಾಂಕಿನವರೊಬ್ಬರ ಸಂಸಾರ ಬಂತು. ಬಂದ ದಿನವೇ ನಾನು ಬಾಗಿಲ ಹಿಂದೆ ಮೊಳೆ ಹೊಡೆದು, ದಾರ ಕಟ್ಟಿದ ಒಂದು ನೋಟ್‌ಬುಕ್ಕು ತೂಗುಹಾಕಿದೆ. ತಾರೀಖು, ತೊಂದರೆ ಏನು, ಸಹಿ, ಮೂರು ಕಾಲಂ ಗೆರೆ ಹೊಡೆದಿದ್ದೆ. "ಏನಿದ್ದರೂ ಇದರಲ್ಲಿ ಬರೆಯಿರಿ, ಪ್ರತಿ ತಿಂಗಳ ಮೊದಲ ಭಾನುವಾರ ಬಂದು ನೋಡುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ನಾನು ತಮಾಷೆ ಮಾಡುತ್ತಿರಲಿಲ್ಲ. ಮೂವತ್ತು ವರ್ಷ ನನ್ನ ಸಂಸಾರ ನಡೆದದ್ದೇ ಹಾಗೆ.

ಎರಡನೆಯ ತಿಂಗಳು ಮೋಟಾರು ಸುಟ್ಟಿತು. ಫೋನ್ ಬಂದಾಗ, "ಬುಕ್ಕಿನಲ್ಲಿ ಬರೆದಿದ್ದೀರಾ?" ಎಂದು ಕೇಳಿದೆ. ಬ್ಯಾಂಕಿನವರ ಹೆಂಡತಿ ನಾಲ್ಕು ದಿನ ಟ್ಯಾಂಕರ್ ನೀರು ತರಿಸಿಕೊಂಡಳು. ಭಾನುವಾರ ಹೋದವನು ಮೋಟಾರಿಗಿಂತ ಮೊದಲು ಮೆಟ್ಟಿಲು ನೋಡಿದೆ, ಕಟಕಟೆಗೆ ಮಗುವಿನ ಬಟ್ಟೆ ಒಣಹಾಕಿದ್ದರು. ಅದನ್ನು ಎತ್ತಿಸಿ, ಕರವಸ್ತ್ರದಿಂದ ಸ್ಟೀಲು ಒರೆಸಿದೆ. ಅವರು ಐದನೆಯ ತಿಂಗಳಿಗೆ ಬಿಟ್ಟು ಹೋದರು. ಪುಸ್ತಕದಲ್ಲಿ ಕೊನೆಗೂ ಒಂದು ಸಾಲು ಬರೆದಿದ್ದರು, ತೊಂದರೆ ಎಂಬ ಕಾಲಮ್ಮಿನಲ್ಲಿ: 'ಓನರ್'.

ಅದೇ ಕಾಲಕ್ಕೆ ಹೆಂಡತಿಯಿಂದ ಸುದ್ದಿ ತಿಳಿಯಿತು. ನಾನು ಬಿಟ್ಟ ಉಪ್ಪಲ್ ಮನೆಯನ್ನು ಷಡ್ಡಕರೇ ಕೊಂಡಿದ್ದರು. ಮೂರನೆಯ ಮನೆ. ಕೊಂಡ ವಾರದಲ್ಲೇ ಬಾಡಿಗೆಗೆ ಹೋಗಿತ್ತು. ನನಗೆ ತೋರಿಸಿದ್ದು ನಾಟಕ, ಮೂರು ಮೂರು ಸಲ ಬಿಸಿಲಲ್ಲಿ ಅಲೆಸಿ ಬೇಸರ ಬರಿಸಿದ್ದು ನಾನು ಬೇಡ ಎನ್ನಲೆಂದೇ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಬೇಡ ಎಂದದ್ದು ನಾನೇ ಎಂದು ಅವಳು ನೆನಪಿಸಿದಾಗ ಇನ್ನೂ ಜೋರಾಗಿ ಕೂಗಿದೆ. ನಾಲ್ಕು ವರ್ಷ ಅವರ ಜೊತೆ ಮಾತು ಬಿಟ್ಟೆ. ಹಬ್ಬಕ್ಕೆ ಅವರು ಬಂದರೆ ನನಗೆ ಓವರ್‌ಟೈಮ್ ಇರುತ್ತಿತ್ತು.

ನಿವೃತ್ತಿಗೆ ಒಂದು ವರ್ಷವಿತ್ತು. ಮನೆ ಮತ್ತೆ ಖಾಲಿ, ಕಂತು ಮಾತ್ರ ತಪ್ಪದೆ ಸಂಬಳದಲ್ಲಿ ಕಡಿತವಾಗುತ್ತಿತ್ತು. ಮಾರಲು ಹೋದರೆ ಕೊಂಡ ಬೆಲೆಯೂ ಹುಟ್ಟಲಿಲ್ಲ. ಒಂದು ಭಾನುವಾರ ಮನೆ ಗುಡಿಸಲು ಹೋದಾಗ, ಲೇಔಟಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ನನ್ನ ಷಡ್ಡಕರು ಕೂತಿದ್ದರು. ತೊಡೆಯ ಮೇಲೆ ಟಿಫಿನ್ ಡಬ್ಬಿ. ಹೆಂಡತಿ ಅಕ್ಕನ ಮುಂದೆ ಅತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಹಿಂದಿನ ಎರಡು ದಿನವೂ ಅವರು ಬಂದು ಏಳರಿಂದ ಹತ್ತರವರೆಗೆ ಅಲ್ಲಿ ಕೂತಿದ್ದರಂತೆ.

"ಬರ್ರಿ" ಎಂದರು, ನಿನ್ನೆಯಷ್ಟೇ ಮಾತಾಡಿದವರಂತೆ. "ಮಂದಿ ಐತ್ರಿ ಇಲ್ಲಿ. ಆ ಕಡೆ ಔಷಧಿ ಫ್ಯಾಕ್ಟರಿ ಐತಲ್ಲ, ಅದ್ರಾವ್ರು ದಿನಾ ಉಪ್ಪಲ್‌ದಿಂದ ಎರಡು ಬಸ್ ಬದ್ಲಿ ಮಾಡಿ ಬರಾಕತ್ತಾರ. ಹೊಸಾ ಲಗ್ನಾದ ಹುಡುಗ್ರು. ಕೇಳೀನಿ. ಸಣ್ಣ ಪೋರ್ಷನ್ ಸಿಕ್ರ ಇಲ್ಲೇ ಇರ್ತಾರಂತ. ನಿಮ್ದು ಒಂದು ಮನಿ ಅಲ್ರಿ, ಎರಡು ಮನಿ."

ಒಳಗೆ ಹೋಗಿ ತೋರಿಸಿದರು. ಮೆಟ್ಟಿಲು ಮೇಲೆ ತಲುಪುವಲ್ಲಿ ಒಂದು ಗೋಡೆ ಎಬ್ಬಿಸಬೇಕು. ಹೊರಗಿನಿಂದ ಕಬ್ಬಿಣದ ಏಣಿಮೆಟ್ಟಿಲು, ಮೇಲಿನ ಸಣ್ಣ ಬೆಡ್‌ರೂಮಿನಲ್ಲಿ ಅಡುಗೆಮನೆ. ಅಷ್ಟೇ. ಮೇಲೆ ಬಾಡಿಗೆ, ಕೆಳಗೆ ನಾವು.

ಗೋಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ತಾಳ್ಮೆ ಹರಿಯಿತು. ಎಷ್ಟೋ ವರ್ಷ ಗಂಟಲಲ್ಲಿ ಇದ್ದದ್ದು ಈಚೆಗೆ ಬಂತು, ತಲೆಕೆಳಗಾಗಿ ಬಂತು.

"ನಿಮ್ಗ ಹೊಟ್ಟಿಕಿಚ್ಚು! ನನ್ನ ಮೆಟ್ಟಲಾ ನೋಡಿದ ದಿನದಿಂದ ನಿಮ್ಗ ಹೊಟ್ಟಿಕಿಚ್ಚು!" ಎಂದು ಕಿರುಚಿದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಎರಡು ಸಲ ಕೇಳಿಸಿತು.

ಅವರು ಸಿಟ್ಟಾಗಲಿಲ್ಲ. ಮೂರನೆಯ ಮೆಟ್ಟಿಲ ಮೇಲೆ ಕೂತು, ಗ್ರಾನೈಟನ್ನು ಅಂಗೈಯಿಂದ ಸವರಿದರು. "ಹೌದ್ರಿ, ಮೆಟ್ಟಲಾ ಭಾಳ ಛಂದ ಅದಾವ. ನನಗೂ ಆಸೆ ಆಗ್ತೈತಿ. ಆದ್ರ ಮೆಟ್ಟಲಿಗೆ ಯಾರೂ ಬಾಡಿಗಿ ಕೊಡೂದಿಲ್ಲ ಸಾಹೇಬ್ರ. ಏನು ಮಾಡೂದ್ರಿ?"

ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ. ಅವರು ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಅಲ್ಲೇ ಕೂತು ತಿಂದೆವು.

ಗೋಡೆ ಎದ್ದಿತು. ಸನತ್‌ನಗರದಿಂದ ತಮ್ಮ ಗೌಂಡಿಯನ್ನು ಅವರೇ ಕರೆತಂದರು. ಮೇಲಿನ ಪೋರ್ಷನ್ನಿಗೆ ಇಬ್ಬರು ಕೇಳಿಕೊಂಡು ಬಂದರು. ಒಬ್ಬ ಹೆಚ್ಚು ಬಾಡಿಗೆ ಕೊಡುತ್ತೇನೆಂದ, ನಾನು ಅವನಿಗೆ ಹೂಂ ಎನ್ನುವುದರಲ್ಲಿದ್ದೆ. ಷಡ್ಡಕರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು, ಹಿಂದಿನ ಮನೆ ಯಾಕೆ ಬಿಟ್ಟಿರಿ? ಹೆಚ್ಚು ಕೊಡುತ್ತೇನೆಂದವನು ಹಿಂದಿನ ಮಾಲೀಕನನ್ನು ಬಯ್ಯತೊಡಗಿದ, ಆ ಮಾಲೀಕನ ನಂಬರು ಕೇಳಿದರೆ ಕೊಡಲಿಲ್ಲ. ಇನ್ನೊಬ್ಬ ಸಂಕೋಚದಿಂದ, ಹೆಂಡತಿಗೆ ಏಳು ತಿಂಗಳು, ಬಸ್ಸಿನಲ್ಲಿ ಓಡಾಡುವುದು ಆಗುವುದಿಲ್ಲ ಎಂದ. "ಹೆಚ್ಚು ರೊಕ್ಕ ಕೊಡಾವ್ರು ಬ್ಯಾಡ್ರಿ, ಹೆಚ್ಚು ದಿನಾ ಇರಾವ್ರನ್ನ ನೋಡ್ರಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಪೊಲೀಸ್ ಠಾಣೆಯ ಫಾರಂ, ಹನ್ನೊಂದು ತಿಂಗಳ ಕರಾರು, ಗೋಡೆಯ ಫೋಟೋ, ಎಲ್ಲ ಅವರೇ ಮುಂದೆ ನಿಂತು ಮಾಡಿಸಿದರು. ಹೋಗುವಾಗ ನನ್ನ ನೋಟ್‌ಬುಕ್ಕನ್ನು ಮೊಳೆಯಿಂದ ತೆಗೆದು ನನ್ನ ಕೈಯಲ್ಲಿಟ್ಟು, ಅದೇ ಜಾಗದಲ್ಲಿ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ನಂಬರು ಬರೆದ ಚೀಟಿ ಅಂಟಿಸಿದರು. ಕರೆದ ದಿನವೇ ರಿಪೇರಿಯಾಗಬೇಕು, ಫೋನ್ ಮಾಡದೆ ಮೆಟ್ಟಿಲು ಹತ್ತಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ನಿವೃತ್ತಿಯಾದೆ. ಗ್ರ್ಯಾಚುಟಿಯಲ್ಲಿ ಸಾಲ ತೀರಿಸಿ ಕೆಳಗಿನ ಮನೆಗೆ ಬಂದೆವು. ಹಾಲಿನಿಂದ ಎದ್ದು ಗೋಡೆಗೆ ಹೋಗಿ ನಿಲ್ಲುವ ಆ ಮೆಟ್ಟಿಲ ಮೇಲೆ ಈಗ ಹೆಂಡತಿಯ ಉಪ್ಪಿನಕಾಯಿ ಜಾಡಿ, ಜೋಳದ ಡಬ್ಬಿ, ಮಗಳ ಮಕ್ಕಳ ಚಪ್ಪಲಿ. ಮೇಲಿನಿಂದ ತಿಂಗಳು ತಿಂಗಳು ಬರುವ ಬಾಡಿಗೆಯಿಂದಲೇ ನಮ್ಮ ಮನೆ ನಡೆಯುತ್ತದೆ. ಇಷ್ಟಾದರೂ ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳು. ಅವರ ಮಾತೇ ನಿಜವಾಯಿತಲ್ಲ ಎಂಬ ಉರಿ ಹೊಸದಾಗಿ ಸೇರಿಕೊಂಡಿತು. ಪ್ರತಿ ತಿಂಗಳೂ ಆ ದುಡ್ಡು ಕೈಗೆ ಬಂದಾಗ ಮೊದಲು ಅವರ ಮುಖ ನೆನಪಾಗುತ್ತಿತ್ತು, ಆಮೇಲೆ ಒಂದು ಬಯ್ಗುಳ.

ಹೋದ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲ. ಸನತ್‌ನಗರದ ಆ ಬಾಡಿಗೆ ಮನೆಯ ಮುಂದೆ ಗಲ್ಲಿ ತುಂಬಿತ್ತು. ಮೂರು ಮನೆಯ ಬಾಡಿಗೆಯವರು, ಹಿಂದೆ ಇದ್ದು ಬಿಟ್ಟುಹೋದವರು, ಮೊದಲ ಮನೆಯ ಆ ವೆಲ್ಡರ್ ಕೂಡ ಎಲ್ಲಿಂದಲೋ ಬಂದಿದ್ದ, ಹೆಗಲು ಕೊಟ್ಟ. ಒಬ್ಬ ಹೆಂಗಸು ತೆಲುಗಿನಲ್ಲಿ ಅಪ್ಪನನ್ನು ಕಳೆದುಕೊಂಡವಳ ಹಾಗೆ ಅಳುತ್ತಿದ್ದಳು. ನಾನು ಒಣ ಕಣ್ಣಿನಿಂದ ನಿಂತು ಜನರನ್ನು ಎಣಿಸಿದೆ. ನಾನು ಸತ್ತರೆ ಮೇಲಿನ ಪೋರ್ಷನ್ನಿನವರಾದರೂ ಇಳಿದು ಬರುತ್ತಾರೋ ಇಲ್ಲವೋ ಎಂದು ಯೋಚಿಸಿದೆ. ಹೆಣದ ಮುಂದೆಯೂ ನನಗೆ ಹೊಟ್ಟೆಕಿಚ್ಚೇ ಬಂತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು, ಆದರೂ ಅಳು ಬರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಜನ ಚದುರಿದ ಮೇಲೆ ಹೆಂಡತಿಯ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಮಾತಿಗೆ ಮಾತು ಬಂದು ಉಪ್ಪಲ್ ಮನೆಯ ವಿಷಯ ಬಂತು. ನಾನು ತಡೆಯಲಾರದೆ ಕೇಳಿಬಿಟ್ಟೆ.

"ಅಕ್ಕಾರ, ಆ ಮನಿ ಅವ್ರಿಗೆ ಬೇಕಿತ್ತೇನ್ರಿ ಮೊದಲ?"

"ಬೇಕಿತ್ತೇನ್ರಿ? ಜೀವಾ ಇಟ್ಟಿದ್ರು ಅದ್ರ ಮ್ಯಾಲ. ಆರು ತಿಂಗಳು ಆ ಓಣಿ ಸುತ್ತಿದ್ರು. ನಿಮಗ ತೋರಿಸಿ ಬಂದ ದಿನಾ ಊಟಾ ಬಿಟ್ಟು ಕುಂತ್ರು. ಸಾಹೇಬ್ರು ಹೂಂ ಅಂದ್ರ ನನ್ನ ಕೈ ತಪ್ಪಿಹೋಗ್ತೈತಿ ಅಂತ."

"ಹಂಗಾದ್ರ ನನಗ ಯಾಕ ತೋರಿಸಿದ್ರು?"

"ನಾನೂ ಅದನ್ನ ಕೇಳಿದೆ. ನಮಗ ಎರಡು ಅದಾವ, ಅವ್ರಿಗೆ ಒಂದೂ ಇಲ್ಲ, ನೌಕರಿ ಮುಗಿಯಾಕ ಬಂತು ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ಅವರ ತುಟಿಯಲ್ಲಿ ಸಣ್ಣ ನಗು ಬಂತು. "ನೀವು ಬ್ಯಾಡಂದ್ರಿ ನೋಡ್ರಿ, ಫೋನ್ ಇಟ್ಟಾವ್ರ ಚಪ್ಪಲಿ ಮೆಟ್ಕೊಂಡು ಹೋಗಿ ಡಬಲ್ ಕಾ ಮೀಠಾ ತಂದ್ರು. ಶುಗರ್ ಐತಿ, ಬ್ಯಾಡ ಅಂದ್ರೂ ಕೇಳಲಿಲ್ಲ. ಪಾವ್ ಕಿಲೋ ಒಬ್ರ ತಿಂದ್ರು. ಕುಣಿಯೂದೊಂದು ಬಾಕಿ."

ಫೋನಿನಲ್ಲಿ ಅವರು ಸುಮ್ಮನಿದ್ದ ಆ ಹೊತ್ತು, ನನಗಾಗಿ ಮರುಗುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ನಿಜಕ್ಕೆ ಅವರು ಖುಷಿಯನ್ನು ಗಂಟಲಲ್ಲೇ ಹಿಡಿದು ನಿಂತಿದ್ದರು. ಆಸೆಪಟ್ಟು ಆರು ತಿಂಗಳು ಸುತ್ತಿದ ಮನೆಯನ್ನು ನನ್ನ ಮುಂದೆ ಇಟ್ಟು, ನಾನು ಬೇಡ ಎನ್ನಲಿ ಎಂದು ಒಳಗೊಳಗೇ ಹಾರೈಸುತ್ತ, ಆದರೂ 'ಖರೇನ ಬ್ಯಾಡೇನ್ರಿ' ಎಂದು ಇನ್ನೊಂದು ಸಲ ಕೇಳಿದ್ದರು. ನನಗೆ ನಗು ಬಂತು. ಸಾವಿನ ಮನೆ ಎಂಬುದನ್ನೂ ಮರೆತು ಜೋರಾಗಿ ನಕ್ಕೆ. ಅಕ್ಕಾರೂ ನಕ್ಕರು. ನಗುತ್ತಿದ್ದವನಿಗೆ ಯಾವಾಗ ಅಳು ಬಂತೋ ಗೊತ್ತಾಗಲಿಲ್ಲ. ಹೆಂಡತಿ ಓಡಿ ಬಂದು ಹೆಗಲು ಹಿಡಿದು, "ಏನಾತ್ರಿ, ಏನಾತು?" ಎಂದು ಕೇಳುತ್ತಿದ್ದಳು. ಏನೆಂದು ಹೇಳಲಿ? "ಅಣ್ಣ ಹೋದ" ಎಂದೆ.